ಇಪ್ಪತ್ತಮೂರೂವರೆ ಕಿಲೋ ಸರ್ವಮಂಗಳಾ

ಪಂಕಜಾಕ್ಷಿ: ಮಾವ, ಶಿವನಿಯೋರಿಗೆ ಹೇಳಿ, ಆ ಕಾಲುಚೈನು ಬಿಚ್ಚಿದ್ರೇನೇ ತೂಕ. ಇಲ್ಲಾಂದ್ರೆ ನಾನು ಒಪ್ಪಲ್ಲ.

ಜಯದೇವಪ್ಪ: ಷಣ್ಮುಖಪ್ಪನೋರೇ, ತರೀಕೆರೆಯೋರಿಗೆ ಹೇಳಿ, ಅದು ಕಾಲುಚೈನಲ್ಲ, ಬೆಳ್ಳಿ ಗೆಜ್ಜೆ. ಮಗೂನ ಹುಟ್ಟಿದ ದಿನಕ್ಕೆ ಅಂತ ಮಾಡ್ಸಿದ್ದು.

ಪಂಕಜಾಕ್ಷಿ: ಹೆತ್ತೋಳು ನಾನು. ನಾನು ಹೆತ್ತಿದ್ದು ಕಾರ್ತೀಕದಲ್ಲಿ. ಈಗ ವೈಶಾಖ ಅಂತ ಹೇಳಿ.

ಜಯದೇವಪ್ಪ: ಬರೋ ಕಾರ್ತೀಕಕ್ಕೆ ಈಗ್ಲೇ ಮಾಡ್ಸಿದೀನಿ ಅಂತ ಹೇಳಿ.

ಪಂಕಜಾಕ್ಷಿ: ಕಾಲಿಗೆ ಕಾಲು ಕಿಲೋ ಬೆಳ್ಳಿ! ಇದೇನು ಮಗೂನಾ, ಬಂಡಿ ಎತ್ತಾ?

ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ, ಬಣ್ಣಬಣ್ಣದ ಬಲ್ಬುಗಳ ತೂಕದ ಯಂತ್ರದ ಮುಂದೆ ಈ ಜಗಳ ನಡೆಯುತ್ತಿತ್ತು. ಗಂಡ ಹೆಂಡತಿಯ ನಡುವೆ ಇದ್ದದ್ದು ಎರಡು ಮಾರು ದೂರ. ಒಬ್ಬರು ಪಿಸುಗುಟ್ಟಿದರೂ ಇನ್ನೊಬ್ಬರಿಗೆ ಕೇಳುತ್ತಿತ್ತು. ಆದರೆ ಬೇರೆ ಬೇರೆಯಾದ ಎರಡು ವರ್ಷದಿಂದ ಅವರು ನೇರವಾಗಿ ಮಾತಾಡಿದ್ದೇ ಇಲ್ಲ. ಹೆಸರು ಹಿಡಿಯುವುದೂ ಇಲ್ಲ, ಊರ ಹೆಸರಿನಲ್ಲೇ ವ್ಯವಹಾರ. ಆಡಿದ್ದೆಲ್ಲ ನಡುವೆ ನಿಂತ ಷಣ್ಮುಖಪ್ಪನವರ ಮೇಲೆ ಹಾದುಹೋಗಬೇಕು. ಈ ಶನಿವಾರದ ತೂಕ ಶುರುವಾದ ಮೊದಲ ವಾರ ಪಾಪ, ಅವರು ಇವಳದನ್ನು ಅವನಿಗೆ, ಅವನದನ್ನು ಇವಳಿಗೆ ಚಾಚೂ ತಪ್ಪದೆ ತಿರುಗಿ ಹೇಳುತ್ತಿದ್ದರು. ಎರಡನೆಯ ವಾರ ಗಂಟಲು ಕಟ್ಟಿತು. ಈಗ ಬರೀ ಕತ್ತು ತಿರುಗಿಸುತ್ತಾರೆ. ಪ್ರತಿ ಶನಿವಾರ ಸಂಜೆ ಹೆಂಡತಿ ವಿಮಲಮ್ಮ ಆ ಕತ್ತಿಗೆ ಎಣ್ಣೆ ತಿಕ್ಕುತ್ತಾರೆ, ತಿಕ್ಕುತ್ತಾ ಬೈಯುತ್ತಾರೆ.

ಬೈಯದೆ ಏನು ಮಾಡುತ್ತಾರೆ? ಈ ಸಂಬಂಧ ತಂದವರೇ ಷಣ್ಮುಖಪ್ಪನವರು, ಆ ಸಲುಗೆಗೇ ಪಂಕಜಾಕ್ಷಿಗೆ ಮಾವ, ಮಗುವಿಗೆ ಅಜ್ಜ. ಬೀರೂರಲ್ಲಿ ಅವರದು ಕೊಬ್ಬರಿ ಮಂಡಿ, ಸುತ್ತಲ ಮೂರು ತಾಲ್ಲೂಕಿನ ಜನರ ಪರಿಚಯ. ಶಿವನಿಯ ಹಿಟ್ಟಿನ ಗಿರಣಿ ಜಯದೇವಪ್ಪನಿಗೆ ಈ ಹುಡುಗಿಯೇ ಸರಿ ಎಂದು ಗಂಟು ಹಾಕಿಸಿದಾಗ ಎರಡು ಕಡೆಯವರೂ ಹೋಳಿಗೆ ಬಡಿಸಿ ಹೊಗಳಿದ್ದರು. ಗಂಟು ಬಿಚ್ಚಿದಾಗಲೂ ಎರಡು ಕಡೆಯವರೂ ಅವರ ಮಂಡಿಗೇ ಬಂದರು. ಆ ಸಲ ಹೋಳಿಗೆ ಇರಲಿಲ್ಲ. ಬಿಚ್ಚಿಕೊಂಡದ್ದಕ್ಕೆ ಕಾರಣ ಇಷ್ಟೇ: ಪಂಕಜಾಕ್ಷಿಗೆ ತವರೂರು ತರೀಕೆರೆಯ ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿತು. ಗಿರಣಿ ಇರುವ ಮನೆಯ ಸೊಸೆ ಸಂಬಳಕ್ಕೆ ಹೋಗಬೇಕಾ ಎಂದು ಅತ್ತೆ ಕರಿಬಸಮ್ಮ ಹೇಳಿದರು. ಜಯದೇವಪ್ಪ ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸದವನ ಹಾಗೆ ರಾಗಿ ಸುರಿಯುತ್ತಾ ನಿಂತ. ಪಂಕಜಾಕ್ಷಿ ಒಂದು ಗಂಟೆ ಕಾದಳು, ಒಂದು ದಿನ ಕಾದಳು, ಆಮೇಲೆ ರೈಲು ಹತ್ತಿದಳು.

ಉಳಿದವಳು ಮಗಳು ಸರ್ವಮಂಗಳಾ, ವಯಸ್ಸು ಒಂಬತ್ತು. ಎರಡು ವರ್ಷ ಅಲ್ಲಿಷ್ಟು ಇಲ್ಲಿಷ್ಟು ಎಂದು ಹೇಗೋ ನಡೆದಿತ್ತು, ಜೂನಿಗೆ ಐದನೇ ಕ್ಲಾಸು. ಯಾವ ಊರಿನ ಶಾಲೆಗೆ ಸೇರುತ್ತಾಳೋ ಆ ಊರೇ ಅವಳ ಮನೆ. ಇನ್ನೊಂದು ಊರಿಗೆ ಅವಳು ಹಬ್ಬಕ್ಕೆ ಬಂದುಹೋಗುವ ನೆಂಟಳು. ಅದನ್ನು ತೀರ್ಮಾನಿಸಲು ಹಿರಿಯರು ಮಠದಲ್ಲಿ ಕೂತಿದ್ದರು. ಯಾರ ಮನೆಯ ನೀರು ಮಗುವಿಗೆ ಒಗ್ಗುತ್ತದೋ ಅಲ್ಲಿರಲಿ ಎಂದರು ಒಬ್ಬ ಹಿರಿಯರು. ಒಗ್ಗಿತೋ ಇಲ್ಲವೋ ತಿಳಿಯುವುದು ಹೇಗೆ ಎಂದರು ಇನ್ನೊಬ್ಬರು. ಆಗ ಷಣ್ಮುಖಪ್ಪನವರು ಬಾಯಿ ತೆರೆದರು. ತೆರೆಯಬಾರದಿತ್ತು. ನಲವತ್ತು ವರ್ಷ ತಕ್ಕಡಿಯ ಮುಂದೆ ಕೂತವರು, “ತೂಕ ಹಾಕ್ಸಿ ಸ್ವಾಮಿ, ಗೊತ್ತಾಗೋಗುತ್ತೆ” ಎಂದುಬಿಟ್ಟರು. ಸಭೆಗೆ ಸಭೆಯೇ ತಲೆದೂಗಿತು. ಬೇಸಿಗೆ ರಜೆಯ ನಾಲ್ಕು ವಾರ, ಒಂದು ವಾರ ತರೀಕೆರೆ, ಒಂದು ವಾರ ಶಿವನಿ. ಶನಿವಾರ ಬೀರೂರಲ್ಲಿ ಅದಲುಬದಲು. ಪ್ರತಿ ಸಲ ಸ್ಟೇಷನ್ನಿನ ಯಂತ್ರದಲ್ಲಿ ತೂಕ, ಯಂತ್ರ ಉಗುಳುವ ಚೀಟಿ ಷಣ್ಮುಖಪ್ಪನವರ ಜೇಬಲ್ಲಿ. ಯಾರ ಮನೆಯಲ್ಲಿ ಮಗು ಹೆಚ್ಚು ಮೈತುಂಬಿಕೊಂಡಿತೋ ಮಗು ಅವರದು. ಸೋಮವಾರ ಅಂತಿಮ ತೀರ್ಪು.

ಇವತ್ತು ಕೊನೆಯ ಶನಿವಾರ. ಈ ವಾರ ಹುಡುಗಿ ಶಿವನಿಯಲ್ಲಿದ್ದಳು. ತರೀಕೆರೆಯ ಎರಡು ವಾರಗಳಲ್ಲಿ ಒಟ್ಟು ಒಂದು ಕಿಲೋ ಏರಿದ್ದಳು, ಶಿವನಿಯ ಹಿಂದಿನ ವಾರದಲ್ಲಿ ಅರ್ಧ. ಹೋದ ಶನಿವಾರದ ಚೀಟಿ ಇಪ್ಪತ್ತಮೂರು ಕಿಲೋ. ಇವತ್ತು ಇಪ್ಪತ್ತನಾಲ್ಕು ಬಂದರೆ ಜಯದೇವಪ್ಪ ಗೆದ್ದ. ಇಪ್ಪತ್ತಮೂರರಲ್ಲೇ ನಿಂತರೆ ಪಂಕಜಾಕ್ಷಿ ಗೆದ್ದಳು. ಹಾಗಾಗಿ ಅಪ್ಪನಿಗೆ ಮಗಳು ಭಾರವಾಗಬೇಕು, ಅವ್ವನಿಗೆ ಹಗುರವಾಗಬೇಕು. ನಡುವೆ ಅರ್ಧ ಕಿಲೋ ಅನ್ನುವುದೊಂದು ಇದೆ ಎಂದು ಹಿರಿಯರಿಗೂ ಹೊಳೆದಿರಲಿಲ್ಲ.

ಷಣ್ಮುಖಪ್ಪ: ಬಿಚ್ಚಿಸ್ಬಿಡಪ್ಪ ಜಯದೇವಪ್ಪ. ಕೊಬ್ಬರಿ ಚೀಲ ತೂಗೋವಾಗ್ಲೂ ಚೀಲದ ತೂಕ ಬಿಡ್ತೀವಿ.

ಜಯದೇವಪ್ಪ: ನೀವು ಹೇಳ್ತಿದೀರಿ ಅಂತ ಬಿಚ್ಚಿಸ್ತೀನಿ. ತರೀಕೆರೆಯೋರು ಹೇಳಿದ್ರು ಅಂತಲ್ಲ.

ಪಂಕಜಾಕ್ಷಿ: ಚಪ್ಪಲಿನೂ. ಆಮೇಲೆ ಲಂಗದ ಜೇಬು ನೋಡ್ಬೇಕು ಮಾವ. ಒಂದು ಕಡೆ ಜೋತು ಬಿದ್ದಿದೆ.

ಜಯದೇವಪ್ಪ: ಜೇಬಲ್ಲಿ ಏನಿರುತ್ತೆ? ಮಕ್ಕಳ ಜೇಬು. ಕಡ್ಲೆಬೀಜ ಇರುತ್ತೆ, ಬೆಲ್ಲ ಇರುತ್ತೆ.

ಪಂಕಜಾಕ್ಷಿ ಬಗ್ಗಿ ಮಗಳ ಜೇಬಿಗೆ ಕೈಹಾಕಿದಳು. ಅಂಗೈಯಗಲದ ಎರಡು ಕಬ್ಬಿಣದ ನಟ್ಟು ಹೊರಗೆ ಬಂದವು.

ಪಂಕಜಾಕ್ಷಿ: ಈ ಬೆಲ್ಲ ಯಾವ ಆಲೆಮನೇದು ಅಂತ ಕೇಳಿ ಮಾವ!

ಷಣ್ಮುಖಪ್ಪ: ಏನಪ್ಪಾ ಇದು?

ಜಯದೇವಪ್ಪ: ಮಗು... ಆಟಕ್ಕೆ ಅಂತ ಗಿರಣಿಯಿಂದ ಎತ್ಕೊಂಡು ಬಂದಿರ್ಬೇಕು.

ಸರ್ವಮಂಗಳಾ: ಇಲ್ಲಾ ಅಪ್ಪಾಜಿ, ನೀವೇ ಕೊಟ್ರಲ್ಲ. ಬೀರೂರಲ್ಲಿ ಯಂತ್ರ ಇಳಿಯೋವರ್ಗೂ ಜೇಬಲ್ಲೇ ಇಟ್ಕೋ, ಆಮೇಲೆ ವಾಪಸ್ ಕೊಡು, ಗಿರಣಿ ನಿಂತೋಗಿದೆ ಅಂದ್ರಲ್ಲ.

ಕೈಗಾಡಿಗೆ ಒರಗಿ ನಿಂತಿದ್ದ ಕೂಲಿ ಚೌಡಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಭುಜ ಮಾತ್ರ ಕುಣಿಯುತ್ತಿತ್ತು. ನಾಲ್ಕು ವಾರದಿಂದ ಈ ಹೊತ್ತಿಗೆ ಅವನು ಬೇರೆ ಯಾರ ಸಾಮಾನೂ ಹೊರುತ್ತಿರಲಿಲ್ಲ.

ಜಯದೇವಪ್ಪ ನಟ್ಟುಗಳನ್ನು ತೆಗೆದು ಪಂಚೆಯ ಮಡಿಕೆಗೆ ಸೇರಿಸಿಕೊಂಡ. ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ಬರುವಷ್ಟು ಸಿಟ್ಟು ಸತ್ಯವಂತನಿಗೆ ಬರುವುದಿಲ್ಲ.

ಜಯದೇವಪ್ಪ: ಸರಿ, ನಟ್ಟು ತೆಗೆದಾಯ್ತು. ಇನ್ನು ಹತ್ತಿಸಿ ಯಂತ್ರಕ್ಕೆ.

ಸರ್ವಮಂಗಳಾ: ಅಮ್ಮ, ನಂಗೆ ಒಂದಕ್ಕೆ ಹೋಗ್ಬೇಕು.

ಪಂಕಜಾಕ್ಷಿ: ಹೋಗು ನನ್ ಬಂಗಾರ, ಹೋಗ್ಬಿಟ್ಟು ಬಾ. ನಿಧಾನಕ್ಕೆ ಹೋಗ್ಬಿಟ್ಟು ಬಾ, ಅವಸರ ಏನಿಲ್ಲ.

ಜಯದೇವಪ್ಪ: ಎಲ್ಗೆ? ತೂಕ ಆಗೋವರ್ಗೂ ಒಂದ್ ಹೆಜ್ಜೆ ಆ ಕಡೆ ಈ ಕಡೆ ಇಲ್ಲ!

ಪಂಕಜಾಕ್ಷಿ: ಅಯ್ಯೋ, ಮಗು ತಡ್ಕೊಳ್ಳೋದು ಹೆಂಗೆ ಅಂತ ಕೇಳಿ ಮಾವ.

ಜಯದೇವಪ್ಪ: ಅವಳು ಕುಡಿದಿರೋದು ನನ್ನ ಮನೆ ನೀರು. ಒಗ್ಗುತ್ತೋ ಇಲ್ವೋ ಅಂತ ಹಿರಿಯರು ನೋಡಿ ಅಂದಿರೋದು ಯಾವ ನೀರನ್ನ? ಅದನ್ನೇ. ನನ್ನ ಮನೆ ನೀರು ನನ್ನ ತೂಕಕ್ಕೇ ಸೇರ್ಬೇಕು.

ಷಣ್ಮುಖಪ್ಪನವರ ಕತ್ತು ಅರ್ಧ ತಿರುಗಿ ಅಲ್ಲೇ ನಿಂತಿತು. ಹುಡುಗಿ ಒಂದು ಕಾಲ ಮೇಲಿಂದ ಇನ್ನೊಂದು ಕಾಲ ಮೇಲೆ ಭಾರ ಬದಲಾಯಿಸುತ್ತಿದ್ದಳು. ಅವಳನ್ನು ಕಂಡರೆ ಅವರಿಗೆ ಕರುಳು ಚುರ್ ಎನ್ನುತ್ತಿತ್ತು. ಆದರೆ ನ್ಯಾಯ ಹಿಡಿದು ನಿಂತವರು ಕರುಳನ್ನು ಕೇಳುವ ಹಾಗಿಲ್ಲ ಎಂದು ಯಾರೋ ಅವರ ತಲೆಗೆ ತುಂಬಿದ್ದರು.

ಷಣ್ಮುಖಪ್ಪ: ಬೆಳಿಗ್ಗೆಯಿಂದ ಏನೇನ್ ಕುಡ್ದೆ ಮಗಾ?

ಸರ್ವಮಂಗಳಾ: ಮನೇಲಿ ಎರಡ್ ಲೋಟ ಹಾಲು. ಅಜ್ಜಂಪುರದಲ್ಲಿ ಗಾಡಿ ನಿಂತಾಗ ಮಜ್ಜಿಗೆ. ಇಲ್ಲಿಳಿದ ಮೇಲೆ ಒಂದು ಸೋಡಾ. ಆಮೇಲೆ ನಲ್ಲಿ ಹತ್ರ ಅಪ್ಪಾಜಿ, ಇನ್ನೊಂಚೂರು ಕುಡಿ, ಇನ್ನೊಂಚೂರು ಕುಡಿ ಅಂದ್ರು.

ಪಂಕಜಾಕ್ಷಿ: ಕೇಳಿಸ್ಕೊಂಡ್ರಾ? ಕೇಳಿಸ್ಕೊಂಡ್ರಾ ಮಾವ? ಇದು ಮಗೂನ ಸಾಕೋದಾ, ಬಿಂದಿಗೆ ತುಂಬೋದಾ?

ಜಯದೇವಪ್ಪ: ಹೋದ ಶನಿವಾರ ತರೀಕೆರೆಯಿಂದ ಬರೋವಾಗ ಏನ್ ತಿಂದಿದ್ದೆ ಅಂತಾನೂ ಕೇಳಿ! ಕೇಳಿ ಷಣ್ಮುಖಪ್ಪನೋರೇ, ಯಾಕೆ ಸುಮ್ಮನಾದ್ರಿ?

ಸರ್ವಮಂಗಳಾ: ಎಂಟು ಇಡ್ಲಿ ಅಜ್ಜ. ಆರಕ್ಕೇ ಸಾಕು ಅಂದೆ. ಅಮ್ಮ, ಇನ್ನೆರಡು ನನ್ ಮೇಲಿನ ಪ್ರೀತಿಗೆ ತಿನ್ನು ಅಂದ್ರು. ಆಮೇಲೆ ಗಾಡೀಲಿ ಬಾಳೆಹಣ್ಣು. ಬೀರೂರು ಬರೋ ಹೊತ್ತಿಗೆ ವಾಂತಿ ಬರೋ ಹಂಗಾಯ್ತು. ಅಮ್ಮ, ತೂಕ ಆದ್ಮೇಲೆ ಮಾಡು ಅಂದ್ರು.

ಪಂಕಜಾಕ್ಷಿಯ ಮುಖ ಕೆಂಪೇರಿತು. ಮೂವತ್ತೈದು ಮಕ್ಕಳ ಕ್ಲಾಸಿನಲ್ಲಿ ಬೆತ್ತ ಹಿಡಿದು ನಿಂತು ಸುಳ್ಳು ಹೇಳಬಾರದು ಎಂದು ಕಲಿಸುವವಳು ಅವಳು. ಕಲಿಸಿದ್ದು ಮಗಳಿಗೆ ಇಷ್ಟು ಚೆನ್ನಾಗಿ ಹತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಷಣ್ಮುಖಪ್ಪ: ಸಾಕು ಬಿಡಿ. ಇಬ್ರದೂ ಗೊತ್ತಾಯ್ತು. ಹತ್ತು ಮಗಾ, ಒಂದ್ನಿಮಿಷ. ಆಮೇಲೆ ಹೋಗೀಯಂತೆ.

ಅವರು ಹತ್ತು ಪೈಸೆ ಹಾಕಿದರು. ಯಂತ್ರದ ಒಳಗೆ ಕೆಂಪು, ಹಸಿರು, ಹಳದಿ ಬಲ್ಬುಗಳು ಹತ್ತಿ ಆರಿ, ಹತ್ತಿ ಆರಿ, ಚಕ್ರ ಗಿರಗಿರನೆ ತಿರುಗಿತು. ಜಯದೇವಪ್ಪ ಉಸಿರು ಬಿಗಿಹಿಡಿದ, ತಾನು ಬಿಗಿಹಿಡಿದರೆ ಮಗಳ ತೂಕ ಏರುತ್ತದೆ ಎನ್ನುವವನ ಹಾಗೆ. ಪಂಕಜಾಕ್ಷಿ ಕಣ್ಣು ಮುಚ್ಚಿ ಕೊರಳ ಲಿಂಗವನ್ನು ಮುಟ್ಟಿಕೊಂಡಳು. ಚೀಟಿ ಟಪ್ಪನೆ ಬಿತ್ತು.

ಜಯದೇವಪ್ಪ: ಎಷ್ಟು?

ಪಂಕಜಾಕ್ಷಿ: ಎಷ್ಟು ಮಾವ?

ಷಣ್ಮುಖಪ್ಪ: ಇಪ್ಪತ್... ಮೂರೂವರೆ.

ಷಣ್ಮುಖಪ್ಪನವರು ಬೆರಳು ಮಡಿಚಿ ಲೆಕ್ಕ ಹಾಕಿದರು. ತರೀಕೆರೆ ಒಂದು ಕಿಲೋ. ಶಿವನಿ ಅರ್ಧ, ಮತ್ತೆ ಇವತ್ತಿನ ಅರ್ಧ. ಇನ್ನೊಮ್ಮೆ ಮಡಿಚಿದರು. ಬೆರಳು ಬೇರೆ ಏನನ್ನೂ ಹೇಳಲಿಲ್ಲ.

ಷಣ್ಮುಖಪ್ಪ: ಸಮ ಆಗೋಯ್ತಲ್ಲಪ್ಪ.

ಜಯದೇವಪ್ಪ: ಸಮ ಹೆಂಗಾಗುತ್ತೆ? ಚೀಟಿ ಕೊಡಿ ಇಲ್ಲಿ. ಹಿಂದೆ ಏನೋ ಬರೆದಿದೆ ನೋಡಿ ಇಂಗ್ಲೀಷಲ್ಲಿ.

ಷಣ್ಮುಖಪ್ಪ: ಏನಂತೆ?

ಜಯದೇವಪ್ಪ: ಭವಿಷ್ಯ. “ನಿಮ್ಮ ಮನೆಯಲ್ಲಿ ಸದಾ ಶಾಂತಿ ನೆಲೆಸಿರುತ್ತೆ” ಅಂತ.

ಚೌಡಪ್ಪ: ಯಾವ ಮನೇಲಿ ಅಂತ ಬರ್ದಿಲ್ವಾ ಸ್ವಾಮಿ?

ಷಣ್ಮುಖಪ್ಪ: ನೀನು ಸುಮ್ನಿರೋ ಚೌಡ.

ಪಂಕಜಾಕ್ಷಿ: ಸಮ ಅಲ್ಲ ಮಾವ. ಆ ಸೋಡಾ, ಮಜ್ಜಿಗೆ, ನಲ್ಲಿ ನೀರು ಇದಾವಲ್ಲ, ಅದನ್ನ ಕಳೀರಿ. ಆಗ ನೋಡಿ, ಶಿವನೀದು ಏನೂ ಇಲ್ಲ.

ಜಯದೇವಪ್ಪ: ಹಂಗಾದ್ರೆ ಎಂಟು ಇಡ್ಲಿ ಕಳೀರಿ!

ಪಂಕಜಾಕ್ಷಿ: ಇಡ್ಲಿ ಊಟ. ಸೋಡಾ ಊಟಾನಾ?

ಜಯದೇವಪ್ಪ: ಬಾಳೆಹಣ್ಣು ಕಳೀರಿ, ಸಿಪ್ಪೆ ಸುಲಿದು ಕಳೀರಿ!

ಷಣ್ಮುಖಪ್ಪ: ಒಂದ್ ಇಡ್ಲಿ ಎಷ್ಟು ತೂಗುತ್ತಪ್ಪ, ನಂಗೇನ್ ಗೊತ್ತು? ನಂದು ಕೊಬ್ಬರಿ ವ್ಯಾಪಾರ.

ಪಂಕಜಾಕ್ಷಿ: ಇಡ್ಲಿ ಸೋಡಾ ಎಲ್ಲಾ ಆಕಡೆ ಇರ್ಲಿ. ಮಗೂನ ಮನಸ್ಸು ಎಲ್ಲಿದೆ ಅಂತ ನೋಡ್ಬೇಕು. ಶಿವನಿಗೆ ಹೊರಡೋ ಶನಿವಾರ ಬಂತು ಅಂದ್ರೆ ಮೈ ಬಿಸಿ ಆಗುತ್ತೆ ಅವಳಿಗೆ. ಹೋಗಲ್ಲಾ ಅಂತಾಳೆ ಪಾಪ.

ಜಯದೇವಪ್ಪ: ಶುದ್ಧ ಸುಳ್ಳು! ಅವಳು ತರೀಕೆರೆ ಹೆಸರೇ ಎತ್ತಲ್ಲ ನಮ್ಮನೇಲಿ. ಅಪ್ಪಾಜಿ, ನಾನಿಲ್ಲೇ ಇರ್ತೀನಿ, ಅಜ್ಜಿ ಜೊತೆ ಮಲಗ್ತೀನಿ ಅಂತಾಳೆ. ತರೀಕೆರೆ ನೆನಪೇ ಇಲ್ಲ ಅವಳಿಗೆ.

ಪಂಕಜಾಕ್ಷಿ: ಶಿವನಿ ಅಂದ್ರೆ ಮುಖ ಕಿವುಚ್ತಾಳೆ ಅಂತ ಹೇಳಿ!

ಜಯದೇವಪ್ಪ: ತರೀಕೆರೆ ಅಂದ್ರೆ ಕಿವಿ ಮುಚ್ಕೊಳ್ತಾಳೆ ಅಂತ ಹೇಳಿ!

ಷಣ್ಮುಖಪ್ಪ: ಬಾಯ್ಮುಚ್ರಿ ಇಬ್ರೂ!

ಮಂಡಿಯ ಹಮಾಲರಿಗೂ ಷಣ್ಮುಖಪ್ಪನವರು ಇಷ್ಟು ಜೋರಾಗಿ ಕೂಗಿದವರಲ್ಲ. ಅವರಿಗೇ ಗಾಬರಿಯಾಯಿತು. ಆದರೆ ಕೂಗಿದ್ದಾಗಿತ್ತು, ಇನ್ನು ಏನಾದರೂ ಹೇಳಬೇಕಿತ್ತು.

ಷಣ್ಮುಖಪ್ಪ: ನಾಲ್ಕು ವಾರದಿಂದ ಕತ್ತು ತಿರುಗ್ಸಿ ತಿರುಗ್ಸಿ ಸಾಕಾಯ್ತು ನಂಗೆ. ಇಡ್ಲಿ ಕೇಳಿದ್ವಿ, ಸೋಡಾ ಕೇಳಿದ್ವಿ, ನಟ್ಟು ಬೋಲ್ಟು ಎಲ್ಲಾ ಕೇಳಿದ್ವಿ. ನಿಂಗೆ ಎಲ್ಲಿರೋಕೆ ಇಷ್ಟ ಅಂತ ಆ ಮಗೂನ ಒಬ್ರಾದ್ರೂ ಕೇಳಿದೀವಾ? ಈಗ ಕೇಳಣ.

ಜಯದೇವಪ್ಪ ಮತ್ತು ಪಂಕಜಾಕ್ಷಿ, ಇಬ್ಬರೂ ಒಟ್ಟಿಗೇ: ಮಗೂಗೇನು ಗೊತ್ತಾಗುತ್ತೆ!

ಎರಡು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ಗೆಲ್ಲುತ್ತೇನೆ ಎಂದು ಅಷ್ಟು ಹೊತ್ತು ಎದೆ ಸೆಟೆಸಿದ್ದವರು, ಹುಡುಗಿಯ ಬಾಯಿಂದ ಏನು ಬೀಳುತ್ತದೋ ಎಂದು ನಡುಗುತ್ತಿದ್ದದ್ದನ್ನು ಷಣ್ಮುಖಪ್ಪನವರು ನೋಡಿದರು. ಈಗ ಬಿಟ್ಟರೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ತಿರುಗಿದರು.

ಷಣ್ಮುಖಪ್ಪ: ಮಂಗಳಾ, ಹೇಳು ಮಗಾ, ಯಾರಿಗೂ ಹೆದರ್ಬೇಡ. ನಿಂಗೆ...

ಯಂತ್ರದ ಮೇಲೆ ಯಾರೂ ಇರಲಿಲ್ಲ. ಕೆಳಗೆ ಒಂದು ಜೊತೆ ಚಪ್ಪಲಿ ಇತ್ತು, ಪಕ್ಕದಲ್ಲಿ ಬೆಳ್ಳಿ ಗೆಜ್ಜೆ ಇತ್ತು. ಸರ್ವಮಂಗಳಾ ಇರಲಿಲ್ಲ.

ಷಣ್ಮುಖಪ್ಪ: ಚೌಡಾ! ಮಗು ಎಲ್ಲೋ?

ಚೌಡಪ್ಪ: ಆಗ್ಲೇ ಹೋಯ್ತಲ್ಲ ಸ್ವಾಮಿ. ನೀವು ಇಡ್ಲಿ ಕಳೀತಿದ್ರಲ್ಲ, ಆವಾಗ.

ಷಣ್ಮುಖಪ್ಪ: ಯಾವ ಕಡೆ?

ಚೌಡಪ್ಪ: ಆ ಕಡೆ. ಓಡಿ ಹೋಯ್ತು. ಕೂಗ್ದೆ, ತಿರುಗಿ ನೋಡ್ಲಿಲ್ಲ.

ಚೌಡಪ್ಪ ಕೈ ತೋರಿಸಿದ ಕಡೆ ಎರಡು ಗಾಡಿಗಳು ಪ್ಲಾಟ್‌ಫಾರಮ್ಮಿನ ಎರಡೂ ಬದಿಗೆ ನಿಂತಿದ್ದವು. ಎಡಕ್ಕೆ ಅಜ್ಜಂಪುರ, ಶಿವನಿ ಮೇಲೆ ಹೋಗುವ ಪ್ಯಾಸೆಂಜರು. ಬಲಕ್ಕೆ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗುವುದು. ಎರಡಕ್ಕೂ ಗಂಟೆ ಹೊಡೆದಾಗಿತ್ತು. ಎರಡರಲ್ಲೂ ಜನ ಬಾಗಿಲಿಗೆ ಜೋತುಬಿದ್ದಿದ್ದರು.

ಪಂಕಜಾಕ್ಷಿ: ರೀ! ಅವಳು ಗಾಡಿ ಹತ್ಬಿಟ್ಟಿದಾಳೆ ಕಣ್ರೀ!

ಜಯದೇವಪ್ಪ: ಅಯ್ಯೋ ದೇವ್ರೇ. ಯಾವ್ದಕ್ಕೆ ಹತ್ತಿದ್ಲೇ?

ಷಣ್ಮುಖಪ್ಪನವರ ಕತ್ತು ಅಭ್ಯಾಸಬಲದಿಂದ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿತು. ಆಮೇಲೆ ಅವರಿಗೆ ಗೊತ್ತಾಯಿತು, ಇನ್ನು ಅದರ ಅಗತ್ಯ ಯಾರಿಗೂ ಇಲ್ಲ.

ಪಂಕಜಾಕ್ಷಿ: ಶಿವನಿ ಗಾಡಿಗೇ ಹತ್ತಿರ್ತಾಳೆ. ನಡೀರಿ!

ಜಯದೇವಪ್ಪ: ಇಲ್ಲ ಕಣೇ, ತರೀಕೆರೆ ಗಾಡಿ!

ಪಂಕಜಾಕ್ಷಿ: ನಿಮಗೇನ್ ಗೊತ್ತು? ಸಂಜೆ ಆಯ್ತು ಅ‌ಂದ್ರೆ ನಮ್ಮನೆ ಜಗಲಿ ಮೇಲೆ ಕೂತ್ಕೋತಾಳೆ. ಅಮ್ಮ, ಇಷ್ಟೊತ್ತಿಗೆ ಅಪ್ಪಾಜಿ ಗಿರಣಿ ನಿಲ್ಸಿ ಮೈಮೇಲಿನ ಹಿಟ್ಟು ಕೊಡವ್ತಿರ್ತಾರೆ ಅಂತಾಳೆ. ದಿನಾ ಅಂತಾಳೆ. ನಾನು ಕೇಳಿಸ್ಕೊಂಡಿಲ್ವಾ?

ಜಯದೇವಪ್ಪ: ಅದು ಅಲ್ಲಿ. ಶಿವನಿಗೆ ಬಂದ್ರೆ? ತಲೆ ಬಾಚೋಕೆ ಹೋದ್ರೆ, ಅಮ್ಮ ಹಿಂಗೆ ಎಳೆಯಲ್ಲ ಅಂತಾಳೆ. ನಿಂದೊಂದು ಹಳೇ ಸೀರೆ ಪೆಟ್ಟಿಗೇಲಿ ಉಳ್ಕೊಂಡಿತ್ತಲ್ಲ, ನೀಲೀದು, ಅದನ್ನ ಹೊದ್ಕೊಳ್ದೆ ಮಲಗಲ್ಲ. ಅವಳು ನಿನ್ ಹತ್ರಾನೇ ಹೊರಟಿದಾಳೆ.

ಪಂಕಜಾಕ್ಷಿ: ಇಲ್ಲ, ನಿಮ್ಮ ಹತ್ರ!

ಜಯದೇವಪ್ಪ: ನಿನ್ ಹತ್ರ ಅಂದ್ನಲ್ಲ! ಹಠ ಮಾಡ್ಬೇಡ್ವೇ, ಅವಳಿಗೆ ನೀನಂದ್ರೆ ಪ್ರಾಣ!

ಪಂಕಜಾಕ್ಷಿ: ನಿಮಗೊಂದೂ ಗೊತ್ತಾಗಲ್ಲ! ಅವಳು ನಿಮ್ಮನ್ನ ಬಿಟ್ಟಿರೋಳಲ್ಲ!

ಐದು ನಿಮಿಷದ ಹಿಂದೆ ಹೇಳಿದ್ದನ್ನೇ ತಿರುಗಾಮುರುಗಾ ಮಾಡಿ, ಅಷ್ಟೇ ಗಂಟಲೇರಿಸಿ, ಅಷ್ಟೇ ಹಠದಿಂದ ಜಗಳವಾಡುತ್ತಿದ್ದರು. ಮಗಳು ನಿನ್ನವಳು ಎಂದು ಒಬ್ಬೊಬ್ಬರೂ ಇನ್ನೊಬ್ಬರ ಮೇಲೆ ಹೇರುತ್ತಿದ್ದರು, ಕಣ್ಣಲ್ಲಿ ನೀರು ಬೇರೆ. ಷಣ್ಮುಖಪ್ಪನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಗಾರ್ಡು ಸೀಟಿ ಊದಿದ.

ಇಬ್ಬರೂ ಓಡಿದರು. ಜಯದೇವಪ್ಪ ಪಂಚೆ ಎತ್ತಿಕಟ್ಟಿ ತರೀಕೆರೆಯ ಗಾಡಿಗೆ ಹಾರಿದ, ನಟ್ಟುಗಳು ಮಡಿಕೆಯಿಂದ ಉದುರಿ ಪ್ಲಾಟ್‌ಫಾರಮ್ಮಿನ ಮೇಲೆ ಟಣ್ ಟಣ್ ಎಂದು ಉರುಳಿದವು. ಪಂಕಜಾಕ್ಷಿ ಸೆರಗು ಬಿಗಿದು ಶಿವನಿಯ ಗಾಡಿಯ ಹೆಂಗಸರ ಡಬ್ಬಿಗೆ ನುಗ್ಗಿದಳು. ಒಂದು ಗಾಡಿಯಿಂದ “ಮಂಗಳಾ” ಎಂದು ಗಂಡಸಿನ ಕೂಗು, ಇನ್ನೊಂದರಿಂದ “ಮಂಗಳಾ” ಎಂದು ಹೆಂಗಸಿನ ಕೂಗು. ಎಡದ್ದು ಮೊದಲು ಅಲುಗಿತು, ಎರಡು ನಿಮಿಷ ಬಿಟ್ಟು ಬಲದ್ದೂ ಅಲುಗಿತು.

ಷಣ್ಮುಖಪ್ಪನವರು ಕೈಗಾಡಿಯ ಮೇಲೆ ದೊಪ್ಪನೆ ಕೂತರು. ಆಗ ಹೆಂಗಸರ ವೇಟಿಂಗ್ ರೂಮಿನ ಕಡೆಯಿಂದ ಸರ್ವಮಂಗಳಾ ಬಂದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ಬೆಳಿಗ್ಗೆಯಿಂದ ಇಲ್ಲದ ನೆಮ್ಮದಿ ಇತ್ತು.

ಷಣ್ಮುಖಪ್ಪ: ಎಲ್ಲಿಗೆ ಹೋಗಿದ್ಯೇ?

ಸರ್ವಮಂಗಳಾ: ಹೇಳಿದ್ನಲ್ಲ ಅಜ್ಜ, ಒಂದಕ್ಕೆ ಅಂತ. ಎಷ್ಟು ಸಲ ಹೇಳ್ಲಿ? ಅಪ್ಪಾಜಿ ಎಲ್ಲಿ?

ಷಣ್ಮುಖಪ್ಪ: ಅಗೋ, ತರೀಕೆರೆ ಗಾಡೀಲಿ.

ಸರ್ವಮಂಗಳಾ: ಅಮ್ಮ?

ಷಣ್ಮುಖಪ್ಪ: ಆಗ್ಲೇ ಶಿವನಿ ಗಾಡೀಲಿ ಹೋದ್ಲು.

ಬಲಬದಿಯ ಗಾಡಿಯ ಕಿಟಕಿಯೊಂದರಿಂದ ಜಯದೇವಪ್ಪನ ತಲೆ ಹೊರಗೆ ಬಂತು. ಮಗಳನ್ನು ಕಂಡಿತು. ಬಾಯಿ ತೆರೆಯಿತು, ಏನೋ ಕೂಗಿತು, ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಸರ್ವಮಂಗಳಾ ಗಾಡಿ ಮರೆಯಾಗುವವರೆಗೂ ಟಾಟಾ ಮಾಡಿದಳು. ಆಮೇಲೆ ಅಜ್ಜನ ಪಕ್ಕದಲ್ಲಿ ಬಂದು ಕೂತು ಕಾಲು ಆಡಿಸತೊಡಗಿದಳು.

ಚೌಡಪ್ಪ: ಸ್ವಾಮಿ, ಆ ಗಿರಣಿಯೋರು ತರೀಕೆರೇಲಿ ಇಳಿದು ಅತ್ತೆ ಮನೆ ಬಾಗಿಲು ತಟ್ಟಬೇಕಲ್ಲ?

ಷಣ್ಮುಖಪ್ಪ: ತಟ್ಟಬೇಕು. ಆ ತಾಯಿ ಶಿವನೀಲಿ ಕರಿಬಸಮ್ಮನ ಮುಂದೆ ನಿಲ್ಲಬೇಕು. ವಾಪಸ್ ಗಾಡಿ ಇರೋದು ನಾಳೆ ಬೆಳಿಗ್ಗೆನೇ.

ಹೇಳುತ್ತಾ ಅವರು ಜೇಬಿನಿಂದ ಚೀಟಿಗಳನ್ನು ತೆಗೆದರು. ಸೋಮವಾರ ಹಿರಿಯರ ಮುಂದೆ ಇವುಗಳನ್ನು ಹರಡಿ ಏನೆಂದು ಹೇಳುವುದು? ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಚೀಟಿಗಳನ್ನು ಹರಿದು ಹಳಿಯ ಮೇಲೆ ಎಸೆದರು.

ಷಣ್ಮುಖಪ್ಪ: ಮಂಗಳಾ, ತಪ್ಪಾಯ್ತು ಮಗಾ. ನಿನ್ನನ್ನ ಮೊದ್ಲೇ ಕೇಳ್ಬೇಕಿತ್ತು ನಾನು. ಹೇಳು, ನಿಂಗೆ ಎಲ್ಲಿರೋಕೆ ಇಷ್ಟ?

ಸರ್ವಮಂಗಳಾ: ಕೇಳ್ಬೇಡ ಅಜ್ಜ. ಒಬ್ರ ಹೆಸರು ಹೇಳಿದ್ರೆ ಇನ್ನೊಬ್ರು ಊಟ ಬಿಡ್ತಾರೆ.

ಷಣ್ಮುಖಪ್ಪನವರು ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು. ಕೊಬ್ಬರಿ ಮಂಡಿಯ ಧೂಳಿಗೆ ಒಗ್ಗಿದ ಮೂಗು, ಇವತ್ತು ಏಕೋ ಸುರಿಯುತ್ತಿತ್ತು. ಆಮೇಲೆ ಪಂಚೆ ಕೊಡವಿ ಎದ್ದರು.

ಷಣ್ಮುಖಪ್ಪ: ನಡಿ, ಮನೆಗೆ ಹೋಗಣ. ಅದಕ್ಕೆ ಮುಂಚೆ ಸ್ಟೇಷನ್ ಮಾಸ್ಟರಿಗೆ ಹೇಳಿ ಎರಡೂ ಕಡೆಗೆ ಫೋನು ಮಾಡಿಸ್ತೀನಿ. ನಾಳೆ ಮೊದಲ್ನೇ ಗಾಡಿಗೇ ಇಬ್ರೂ ವಾಪಸ್ ಬರ್ಲಿ.

ಸರ್ವಮಂಗಳಾ: ಯಾಕಜ್ಜ? ಒಂದ್ ವಾರ ಅಲ್ಲೇ ಇರ್ಲಿ ಬಿಡು.

ಷಣ್ಮುಖಪ್ಪ: ಒಂದ್ ವಾರಾನಾ! ಇರ್ತಾರೇನೇ ಅವ್ರು?

ಸರ್ವಮಂಗಳಾ: ಇರ್ತಾರೆ ಅಜ್ಜ. ಮೊದ್ಲೆರಡು ದಿನ ಅಳು ಬರುತ್ತೆ. ಆಮೇಲೆ ರೂಢಿ ಆಗೋಗುತ್ತೆ.